ಗೌರಿಯ ತೂಕ ಎಪ್ಪತ್ನಾಲ್ಕು ಕಿಲೋ

ಈ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು, ಯಾವ ಭಾಷೆ ಕಲಿಯಬೇಕು, ಯಾವ ಟೂಲ್ ಕಲಿಯಬೇಕು ಎಂದು. ಅದೆಲ್ಲ ಆರು ತಿಂಗಳಿಗೆ ಬರುತ್ತದೆ. ನಾನು ಕೇಳುವ ಪ್ರಶ್ನೆ ಬೇರೆ: ನಿಮಗೆ ಹೆದರಿಕೆ ಆಗುತ್ತದೆಯೇ? ಇಲ್ಲ ಎಂದರೆ ದಯವಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ರಿಲೀಸ್ ಬ್ರಾಂಚ್, ಅಂದರೆ ಜನರ ಕೈಗೆ ಹೋಗುವ ಪ್ರತಿ, ಅದನ್ನು ಕಾಯುವುದು ಪುಕ್ಕಲರ ಕೆಲಸ. ನಾನು ಹುಟ್ಟು ಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಎಷ್ಟು ಸಲ ಮನೆಗೆ ವಾಪಸ್ ಹೋಗಿದ್ದೇನೋ ನನಗೇ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಅದೇ ಗುಣದಿಂದ ಅನ್ನ ತಿಂದೆ. ಒಂದೇ ಒಂದು ಸಲ ಹೆದರುವುದನ್ನು ಮರೆತೆ. ಈ ಬರಹ ಹೆಚ್ಚಾಗಿ ಅದರದ್ದೇ.

ನಮ್ಮ ಸಾಫ್ಟ್‌ವೇರಿನ ಹೆಸರು 'ಮಂದೆ'. ದನದ ಡಾಕ್ಟರುಗಳಿಗೆ, ಕಾಂಪೌಂಡರುಗಳಿಗೆ ಮಾಡಿದ್ದು. ಹಳ್ಳಿಯಲ್ಲಿ ಹಸುವನ್ನು ತಕ್ಕಡಿಗೆ ಹತ್ತಿಸಲು ಆಗುವುದಿಲ್ಲ. ಟೈಲರ್ ಟೇಪು ಹಿಡಿದು ಎದೆಯ ಸುತ್ತಳತೆ ನೋಡಬೇಕು, ಮೈಯುದ್ದ ನೋಡಬೇಕು, ಅದರಿಂದ ತೂಕ ಅಂದಾಜು ಮಾಡಬೇಕು, ತೂಕದಿಂದ ಔಷಧಿ ಎಷ್ಟು ಮಿಲಿ ಎಂದು ಕಂಡುಹಿಡಿಯಬೇಕು. ಅಳತೆ ಇಂಚಿನಲ್ಲಿದ್ದರೆ, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, ಆರುನೂರ ಅರವತ್ತರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಬರುತ್ತದೆ. ಮುನ್ನೂರರಿಂದ ಭಾಗಿಸಿದರೆ ಪೌಂಡಿನಲ್ಲಿ ಬರುತ್ತದೆ. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ, ಆರುನೂರ ಅರವತ್ತು ಮತ್ತು ಮುನ್ನೂರು. ನನ್ನ ನೆಮ್ಮದಿ ತೆಗೆದದ್ದು ಇವೇ.

'ಮಂದೆ' ಓಪನ್ ಸೋರ್ಸ್. ಅಂದರೆ ನಾವು ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು, ಪುಕ್ಕಟೆ ಬಳಸಬಹುದು. ಹಾಸನದ ಒಂದು ರಾಗಿ ಮಿಲ್ಲಿನ ಮೇಲಿನ ರೂಮಿನಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ಮಿಲ್ಲು ಶುರುವಾದರೆ ಟೇಬಲ್ಲು ನಡುಗುತ್ತಿತ್ತು, ಕೀಬೋರ್ಡಿನ ಸಂದಿಯಲ್ಲೆಲ್ಲ ಹಿಟ್ಟು. ತಿದ್ದಿ ಕಳಿಸುವವರು ಮಾತ್ರ ಎಲ್ಲೆಲ್ಲೋ ಇದ್ದರು. ಮುಖ ನೋಡದ, ದನಿ ಕೇಳದ ಜನ. ಅವರು ಕಳಿಸಿದ್ದೆಲ್ಲ ಮುಖ್ಯ ಬ್ರಾಂಚಿಗೆ, ಅಂದರೆ ಎಲ್ಲರೂ ತಿದ್ದುವ ಮೂಲ ಪ್ರತಿಗೆ, ಸೇರುತ್ತಿತ್ತು. ಅಲ್ಲಿ ದಿನಾ ಒಂದು ಕಟ್ಟುತ್ತಾರೆ, ಒಂದು ಕೆಡವುತ್ತಾರೆ. ಮೂರು ತಿಂಗಳಿಗೊಮ್ಮೆ ಅದರಿಂದ ಒಂದು ಪ್ರತಿ ಬೇರೆ ತೆಗೆದು ಇಡುತ್ತಿದ್ದೆವು. ಅದು ರಿಲೀಸ್ ಬ್ರಾಂಚ್, ದನದ ಆಸ್ಪತ್ರೆಗಳಿಗೆ ಹೋಗುವುದು. ಅದಕ್ಕೆ ಹೊಸದೇನೂ ಸೇರಕೂಡದು. ತಪ್ಪು ಕಂಡರೆ ಆ ತಪ್ಪನ್ನಷ್ಟೇ ತಿದ್ದಬೇಕು. ನಮ್ಮ ಅಜ್ಜಿ ಬಿತ್ತನೆ ರಾಗಿಯನ್ನು ಬೇರೆ ಗುಡಾಣದಲ್ಲಿ ಇಟ್ಟು, ಬೂದಿ ಬೆರೆಸಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದಳು. ಮನೆಗೆ ಯಾರು ಬಂದರೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಆ ಗುಡಾಣ ಕಾಯುವ ಕೆಲಸ ನನ್ನದು.

ಕಾಲ ಬದಲಾದಂತೆ ವಿಧಾನ ಬದಲಾಯಿತು. ಶುರುವಿನಲ್ಲಿ ಸಿಡಿ ಬರೆದು, ಕವರಿಗೆ ಹಾಕಿ, ಕೆಂಪು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಅರಕಲಗೂಡಿಗೆ ಒಂದು, ಚನ್ನರಾಯಪಟ್ಟಣಕ್ಕೆ ಒಂದು. ತಪ್ಪು ಮಾಡಿದ್ದು ನೆನಪಾದರೆ ಮುಂದಿನ ಬಸ್ಸು ಹತ್ತಿ ಹಿಂದೆಯೇ ಹೋಗಿ ವಾಪಸ್ ತರಬಹುದಿತ್ತು. ಎರಡು ಸಲ ತಂದಿದ್ದೇನೆ. ಆಮೇಲೆ ಪೆನ್ ಡ್ರೈವ್ ಬಂತು. ಆಮೇಲೆ ಎಲ್ಲರ ಕೈಗೂ ಫೋನು ಬಂದು, ಹೊಸ ಆವೃತ್ತಿ ತಾನಾಗಿಯೇ ಹೋಗಿ ಕೂರುವ ಹಾಗಾಯಿತು. ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಅಂದಿನಿಂದ ಹೆದರಿಕೆ ಹೆಚ್ಚಾಯಿತು. ನನ್ನ ತಪ್ಪು ಇನ್ನು ಮುಂದೆ ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಮೂವತ್ತೆರಡು ಆಸ್ಪತ್ರೆ ತಲುಪುತ್ತದೆ ಎಂದು ಗೊತ್ತಾಗಿತ್ತು.

ನನ್ನ ಮೇಲಿನವರು ರಂಗಸ್ವಾಮಿ. 'ಮಂದೆ'ಯ ಮೊದಲ ಸಾಲು ಬರೆದವರು, ಅರಕಲಗೂಡಿನವರು. ತಲೆ ಅಂದರೆ ತಲೆ. ನಾನು ಒಂದು ದಿನ ಕೂತು ಹುಡುಕುವ ದೋಷವನ್ನು ನಿಂತುಕೊಂಡೇ ಬೆರಳಿಟ್ಟು ತೋರಿಸುತ್ತಿದ್ದರು. ಆದರೆ ಕಾಯುವುದೆಂದರೆ ಅವರಿಗೆ ಆಗದು. "ಸುಶೀಲಾ ಅವ್ರೇ, ನೀವು ಹಿಂಗೆ ಬಾಗಿಲು ಹಾಕ್ಕೊಂಡು ಕೂತ್ರೆ ಒಳಗಿರೋದು ಹಳಸೋಗುತ್ತೆ," ಎನ್ನುತ್ತಿದ್ದರು. "ಹಳಸಿದ್ದು ಮೂಗಿಗೆ ಗೊತ್ತಾಗುತ್ತೆ ಸರ್. ನೀವು ಹಾಕೋ ಹೊಸದು ಗೊತ್ತಾಗಲ್ಲ," ಎನ್ನುತ್ತಿದ್ದೆ ನಾನು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಒಂದು ಮಾತು ಹೇಳಬೇಕು. ಆ ದಿನ ತಪ್ಪಾದಾಗ ಅವರು ನನ್ನ ಕಡೆ ಬೆರಳು ತೋರಿಸಲಿಲ್ಲ.

ಇನ್ನೊಬ್ಬರು ಜವರಪ್ಪ. ಬಾಗೂರಿನ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಹೆಬ್ಬೆರಳು ದಪ್ಪ, ಫೋನಿನಲ್ಲಿ ಎರಡೆರಡು ಅಕ್ಷರ ಒಟ್ಟಿಗೆ ಒತ್ತುತ್ತಿತ್ತು. ಅವರನ್ನು ಮೊದಲು ನೋಡಿದ ದಿನವೇ ನನ್ನ ಮುಂದೆ ಫೋನು ತಿರುಗಿಸಿ ಹಿಡಿದು ಹೇಳಿದ್ದರು:

"ಮೇಡಮ್ನೋರೇ, ಇದು ಯೇಳ್ತು ಅಂತ ನಾನು ಸೂಜಿ ಚುಚ್ಚಾಕಿಲ್ಲ. ಮೊದ್ಲು ಅಸೀನ ನೋಡ್ತೀನಿ, ಆಮ್ಯಾಕೆ ಚೀಟಿ ಮ್ಯಾಲೆ ನನ್ ಲೆಕ್ಕ ಮಾಡ್ತೀನಿ, ಆಮ್ಯಾಕೆ ನಿಮ್ ಪೋನು. ಮೂರೂ ಒಂದೇ ಮಾತಾಡಿದ್ರೆ ಸೈ."

ನಮ್ಮ ಪದ್ಧತಿ ಹುಟ್ಟಿದ್ದು ಅವರ ಈ ಮಾತಿನಿಂದ. ರಿಲೀಸ್ ಬ್ರಾಂಚಿಗೆ ಏನೇ ಸೇರಲಿ, ಎಷ್ಟೇ ಸಣ್ಣದಿರಲಿ, ಮೊದಲು ಜವರಪ್ಪನವರ ಫೋನಿಗೆ ಮಾತ್ರ ಕಳಿಸುವುದು. ಒಂದು ವಾರ ಅವರು ಚೀಟಿ ಲೆಕ್ಕದ ಜೊತೆ ತಾಳೆ ನೋಡಿ, ಶನಿವಾರ ಫೋನ್ ಮಾಡಿ "ಸೈ ಕಣವ್ವ" ಎನ್ನಬೇಕು. ಆಮೇಲೆ ಉಳಿದ ಮೂವತ್ತೊಂದು ಕಡೆಗೆ. ಆಫೀಸಿನಲ್ಲಿ ಅದಕ್ಕೆ ಬಾಗೂರು ವಾರ ಎಂದೇ ಹೆಸರು. ಪರದೇಶದಲ್ಲಿ ಕೂತು ತಿದ್ದಿ ಕಳಿಸುವವರೂ 'ಬಾಗೂರು ಆಯಿತೇ?' ಎಂದು ಕೇಳುವಷ್ಟು ಅದು ಹಬ್ಬಿತ್ತು. ಅವರಿಗೆ ಅದು ಊರೆಂದು ಗೊತ್ತಿತ್ತೋ ಇಲ್ಲವೋ.

ಈಗ ಆ ಶನಿವಾರಕ್ಕೆ ಬರುತ್ತೇನೆ. ಉಣ್ಣೆಹುಳ ಕಚ್ಚಿ ದನಗಳಿಗೆ ಬರುವ ಉಣ್ಣೆ ಜ್ವರ ಹರಡಿದ್ದ ಕಾಲ. ಸೋಮವಾರ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದನಗಳಿಗೆ ಸೂಜಿ ಹಾಕುವ ಕ್ಯಾಂಪು ನಿಗದಿಯಾಗಿತ್ತು. ಬೆಳಿಗ್ಗೆ ದೂರು ಬಂತು: ಅಳತೆಯಲ್ಲಿ ಅರ್ಧ ಇಂಚು ಬರೆದರೆ 'ಮಂದೆ' ಮುಚ್ಚಿಹೋಗುತ್ತದೆ. ಆ ದೋಷವನ್ನು ಮುಖ್ಯ ಬ್ರಾಂಚಿನಲ್ಲಿ ಯಾರೋ ಆಗಲೇ ಸರಿಪಡಿಸಿದ್ದರು. ಅಲ್ಲಿಂದ ಆ ತಿದ್ದುಪಡಿಯನ್ನಷ್ಟೇ ಕಿತ್ತು ರಿಲೀಸ್ ಬ್ರಾಂಚಿಗೆ ತರಬೇಕಿತ್ತು. ತಂದಾಗ ಒಂದು ಕಡೆ ಸಿಕ್ಕಿಕೊಂಡಿತು. ಒಂದೇ ಸಾಲು ಎರಡು ಬ್ರಾಂಚಿನಲ್ಲಿ ಎರಡು ಥರ ಇದ್ದರೆ ಕಂಪ್ಯೂಟರ್ ಎರಡನ್ನೂ ಮುಂದಿಟ್ಟು, ಯಾವುದು ಬೇಕು ನೀವೇ ಹೇಳಿ ಎನ್ನುತ್ತದೆ. ಒಂದು ಸಾಲಿನಲ್ಲಿ ಆರುನೂರ ಅರವತ್ತು ಇತ್ತು. ಇನ್ನೊಂದರಲ್ಲಿ ಮುನ್ನೂರು.

ಮುನ್ನೂರು ಎಲ್ಲಿಂದ ಬಂತು ಎಂದರೆ, ಪೌಂಡು ಬಳಸುವ ದೇಶದ ಒಬ್ಬರು ಮುಖ್ಯ ಬ್ರಾಂಚಿನಲ್ಲಿ ತೂಕವನ್ನು ಮೊದಲು ಪೌಂಡಿನಲ್ಲಿ ತೆಗೆದು, ಆಮೇಲೆ ಬೇರೊಂದು ಕಡೆ ಕಿಲೋಗೆ ಬದಲಿಸುವ ಹಾಗೆ ಮಾಡಿದ್ದರು. ಅಲ್ಲಿ ಅದು ಸರಿಯಾಗಿಯೇ ಇತ್ತು. ಆದರೆ ಕಿಲೋಗೆ ಬದಲಿಸುವ ಆ ಇನ್ನೊಂದು ತುಂಡು ನನ್ನ ರಿಲೀಸ್ ಬ್ರಾಂಚಿನಲ್ಲಿ ಇರಲೇ ಇಲ್ಲ.

ನಾನು ಮುನ್ನೂರನ್ನು ಆರಿಸಿದೆ. ಹೊಸದು, ತಿದ್ದಿದ್ದು, ಅದೇ ಸರಿಯಿರಬೇಕು ಎಂದುಕೊಂಡೆ. ಅರ್ಧ ಇಂಚು ಕೊಟ್ಟು ನೋಡಿದೆ, ಮುಚ್ಚಲಿಲ್ಲ. ತಿದ್ದಿದ್ದನ್ನು ಕಂಪ್ಯೂಟರ್ ತಾನೇ ಪರೀಕ್ಷಿಸುವ ನಮ್ಮ ಟೆಸ್ಟುಗಳೆಲ್ಲ ಪಾಸಾದವು. ಆಗ ನಮ್ಮ ಟೆಸ್ಟುಗಳು ನೋಡುತ್ತಿದ್ದದ್ದು ಉತ್ತರ ಬಂತೋ ಇಲ್ಲವೋ ಎಂದು, ಎಷ್ಟು ಬಂತು ಎಂದಲ್ಲ.

"ಬಾಗೂರು ವಾರ ಸರ್?" ಎಂದೆ ರಂಗಸ್ವಾಮಿಯವರಿಗೆ.

"ವಾರ ಎಲ್ಲಿದೆ, ಸೋಮವಾರ ಕ್ಯಾಂಪು. ಒಂದು ಅರ್ಧ ಇಂಚಿಗೆ ಬಾಗೂರಿಗೆ ಹೋಗಿ ಬರ್ಬೇಕೇ? ಕಳ್ಸಿ ಸುಶೀಲಾ ಅವ್ರೇ."

ನಾನು ಬೇಡ ಎನ್ನಬಹುದಿತ್ತು. ಕೊನೆಯ ಗುಂಡಿ ಒತ್ತುವ ಹಕ್ಕು ನನ್ನೊಬ್ಬಳದೇ, ಅದನ್ನು ಕೊಟ್ಟಿದ್ದೂ ಅವರೇ. ಆದರೆ ಅಂದು ನನಗೆ ಹೆದರಿಕೆಯೇ ಆಗಲಿಲ್ಲ. ಹಾಗೆ ನೋಡಿದರೆ ಹಗುರವೇ ಆಯಿತು, ಕೆಲಸ ಬೇಗ ಮುಗಿಯಿತಲ್ಲ ಎಂದು. ಮರುದಿನ ಭಾನುವಾರ ಮಧ್ಯಾಹ್ನ ಊಟ ಮಾಡಿ ಗುಂಡಿ ಒತ್ತಿ, ತಂಗಿ ಮನೆಗೆ ಹೋದೆ.

ಸೋಮವಾರ ಒಂಬತ್ತೂವರೆಗೆ ಜವರಪ್ಪ ಫೋನ್ ಮಾಡಿದರು.

"ಮೇಡಮ್ನೋರೇ, ಮುನ್ನೂರೈವತ್ತು ಕೆಜಿ ತೂಗೋ ಸೀಮೆ ಅಸೂನ ನಿಮ್ ಪೋನು ಏಳ್ನೂರ ಎಪ್ಪತ್ತು ಅಂತದೆ. ಇದೇನು ಅಸುವಾ ಆನೆಯಾ? ನನ್ಗೆ ವಾರ ಕೊಡ್ನಿಲ್ವಲ್ಲ ಈ ಸತಿ?"

ಏಳ್ನೂರ ಎಪ್ಪತ್ತನ್ನು ಮುನ್ನೂರೈವತ್ತರಿಂದ ಭಾಗಿಸಲು ನನಗೆ ಕಾಗದ ಬೇಕಾಗಲಿಲ್ಲ. ಎರಡು ಪಾಯಿಂಟ್ ಎರಡು. ಕಿಲೋ ಜಾಗದಲ್ಲಿ ಪೌಂಡು. ಮುನ್ನೂರು. ಆ ಸಾಲು ಕಣ್ಣ ಮುಂದೆ ಬಂದು ನಿಂತಿತು.

ದೊಡ್ಡ ಹಸುವಾದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಯಾರಾದರೂ ನಗುತ್ತಾರೆ, ಸೂಜಿ ಕೆಳಗಿಡುತ್ತಾರೆ. ಕರುವಿನಲ್ಲಿ ಅದು ಅಡಗಿಕೊಳ್ಳುತ್ತದೆ. ಮೂರೂ ಮುಕ್ಕಾಲು ಮಿಲಿ ಹಾಕಬೇಕಾದ ಕಡೆ ಎಂಟು ಮಿಲಿ ಎಂದರೆ ಸಿರಿಂಜಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣದು. ಅದೂ ನಮ್ಮ ಪರದೆಯಲ್ಲಿ ಮಿಲಿ ದಪ್ಪ ಅಕ್ಷರದಲ್ಲಿತ್ತು, ತೂಕ ಮೂಲೆಯಲ್ಲಿ ಸಣ್ಣಗೆ. ಆ ಔಷಧಿಯೋ ಹೆಚ್ಚಾದರೆ ಎಳೆ ಜೀವ ತಡೆಯದಂಥದ್ದು.

ರಂಗಸ್ವಾಮಿ ಹಳೆಯ ಆವೃತ್ತಿಯನ್ನು ವಾಪಸ್ ಹಾಕಲು ಕೂತರು. ಆದರೆ ಹೊಸದು ಆಗಲೇ ಇಳಿದಿದ್ದ ಫೋನುಗಳಲ್ಲಿ, ಕ್ಯಾಂಪು ನಡೆಯುವ ಬಯಲಿನಲ್ಲಿ ನೆಟ್‌ವರ್ಕ್ ಸಿಗುವವರೆಗೆ ಅದು ಬದಲಾಗದು. ನಾನು ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿದೆ. 'ಸೂಜಿ ನಿಲ್ಲಿಸಿ, ಕೈಲೆಕ್ಕ ಮಾಡಿ' ಎಂಬ ನಾಲ್ಕು ಪದವನ್ನೇ ಮತ್ತೆ ಮತ್ತೆ ಹೇಳಿದೆ. ಕೆಳಗೆ ಮಿಲ್ಲು ಓಡುತ್ತಿತ್ತು. ನಡುಗುವ ಟೇಬಲ್ಲಿನ ಮೇಲೆ ಪಟ್ಟಿಯನ್ನು ಒತ್ತಿ ಹಿಡಿದು ಗುರುತು ಹಾಕುತ್ತ ಹೋದೆ. ಒಬ್ಬರಾದ ಮೇಲೆ ಒಬ್ಬರು ಸರಿ ಎಂದರು. ಒಬ್ಬರು ಬೈದರು, ಅದೂ ನನ್ನ ಕಿವಿಗೆ ಹಿತವಾಗಿತ್ತು. ಹನ್ನೊಂದರ ಹೊತ್ತಿಗೆ ಮೂವತ್ತೊಂದು ಹೆಸರಿಗೆ ಗುರುತು ಬಿದ್ದಿತ್ತು. ಉಳಿದದ್ದು ಒಂದು: ಹಳ್ಳಿಮೈಸೂರಿನ ಆಚೆಯ ಒಂದು ಹಳ್ಳಿಗೆ ಸೂಜಿ ಹಿಡಿದು ಹೋಗಿದ್ದ ಲೋಕಪ್ಪ, ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದವರು. ಅವರ ಫೋನು ವ್ಯಾಪ್ತಿ ಪ್ರದೇಶದ ಹೊರಗಿದೆ ಎಂದು ಹೇಳುತ್ತಲೇ ಇತ್ತು.

ಹೊಳೆನರಸೀಪುರಕ್ಕೆ ಬಸ್ಸು ಹತ್ತಿದೆ. ಅಲ್ಲಿಂದ ಹಳ್ಳಿಮೈಸೂರಿಗೆ ಇನ್ನೊಂದು, ಮುಂದಕ್ಕೆ ಆಟೋ. ದಾರಿಯುದ್ದಕ್ಕೂ ಗದ್ದೆ ಬಯಲಿನಲ್ಲಿ ಮೇಯುವ ಪ್ರತಿ ಕರುವನ್ನೂ ಕತ್ತು ಹೊರಳಿಸಿ ನೋಡುತ್ತ ಹೋದೆ. ದೇವರನ್ನು ನಾನು ಹೆಚ್ಚು ಕಾಡಿಸಿದವಳಲ್ಲ. ಅಂದು ಬಸ್ಸಿನಲ್ಲಿ ಕೂತು ನನ್ನ ತಪ್ಪಿಗೆ ನನ್ನನ್ನೇ ಹಿಡಿದುಕೋ ಎಂದು ಕೇಳಿಕೊಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ನನ್ನ ಕೈಯಲ್ಲೇ ಇತ್ತು.

ಲೋಕಪ್ಪ ಅರಳಿಕಟ್ಟೆಯ ಹತ್ತಿರ ಸಿಕ್ಕರು. ಅದುವರೆಗೆ ಹನ್ನೊಂದು ದನಕ್ಕೆ ಸೂಜಿ ಹಾಕಿದ್ದರು. ಹತ್ತು ದೊಡ್ಡವಕ್ಕೆ ಅವರೇ ಅನುಮಾನಪಟ್ಟು, ವಾಡಿಕೆಯ ಲೆಕ್ಕದಲ್ಲಿ ಕಮ್ಮಿ ಹಾಕಿದ್ದರಂತೆ. ಹನ್ನೊಂದನೆಯದು ಕರು. ಅದಕ್ಕೆ ಫೋನು ಹೇಳಿದಷ್ಟೇ ಹಾಕಿದ್ದರು, ಎಂಟು ಮಿಲಿ ಮತ್ತು ಸ್ವಲ್ಪ. ನಾನು ಹೇಳಿದ್ದು ಕೇಳಿ ಅವರು ಸಿರಿಂಜು ಕೆಳಗಿಟ್ಟರು. ಇಬ್ಬರೂ ಬೇಗ ಬೇಗ ಆ ಮನೆ ಕಡೆ ನಡೆದೆವು.

ನಿಂಗಮ್ಮನ ಮನೆ. ಅವಳು ನನಗಿಂತ ನಾಲ್ಕೈದು ವರ್ಷ ಹಿರಿಯಳು. ಕರುವಿನ ಹೆಸರು ಗೌರಿ, ನಾಲ್ಕು ತಿಂಗಳದ್ದು, ಮೂರು ಗಂಡುಗರು ಆದ ಮೇಲೆ ಹುಟ್ಟಿದ ಹೆಣ್ಣು. ಕಾಲು ಮಡಚಿಕೊಂಡು ಒರಗಿತ್ತು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಸಣ್ಣಗೆ ಅದುರುತ್ತಿತ್ತು. ನಾನು ಬಂದಿದ್ದ ಆಟೋದಲ್ಲೇ ಲೋಕಪ್ಪ ನೆಟ್‌ವರ್ಕ್ ಸಿಗುವ ಕಡೆ ಹೋಗಿ ಫೋನ್ ಮಾಡಿದರು; ಹೊಳೆನರಸೀಪುರದಿಂದ ಡಾಕ್ಟರು ಬಂದು ಏನೇನು ಮಾಡಬೇಕೋ ಮಾಡಿದರು. ಮೂರು ಗಂಟೆಗೆ ಗೌರಿ ಸತ್ತಿತು. ಜ್ವರ ಮೊದಲೇ ಜೋರಿತ್ತು, ಜ್ವರದಿಂದಲೂ ಇರಬಹುದು, ಸೂಜಿಯಿಂದಲೂ ಇರಬಹುದು, ಹೇಳಲಾಗದು ಎಂದರು ಡಾಕ್ಟರು. ಅವರು ಅದನ್ನು ಕರುಣೆಯಿಂದ ಹೇಳಿದರು. ಆ 'ಇರಬಹುದು' ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾನು ನಿಂಗಮ್ಮನಿಗೆ ಎಲ್ಲ ಹೇಳಿದೆ. ಲೋಕಪ್ಪನ ತಪ್ಪಲ್ಲ, ಫೋನಿನೊಳಗೆ ತಪ್ಪು ಸಂಖ್ಯೆ ಬಿಟ್ಟವಳು ನಾನು ಎಂದೆ. ಅವಳು ಕರುವಿನ ಕೊರಳಿನ ಗೆಜ್ಜೆ ಬಿಚ್ಚುತ್ತಾ ಕೂತಿದ್ದಳು.

"ಅಂಗಂದ್ರೆ ಆ ತಪ್ಪು ಇನ್ನೂ ಎಲ್ಲೆಲ್ಲಿಗೆ ಓಗಿದ್ದದವ್ವ?" ಎಂದಳು.

"ಎಲ್ಲ ಕಡೆ ನಿಲ್ಲಿಸಿದ್ದೀವಿ. ಕರು ಅಂತ ಹೋಗಿದ್ದು ಇದೊಂದೇ."

"ನಿಲ್ಸಿದ್ದೀರಿ, ಸರಿ. ನಾಳೀಕೆ ಇನ್ಯಾರೋ ಅಂಗೇ ಬುಟ್ರೆ?"

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.

"ಇನ್ನೊಬ್ರ ಕೊಟ್ಗೆಗೆ ಓಗ್ದಂಗೆ ಮಾಡು. ನನ್ ಗೌರಿ ತಿರುಗ ಬರಾಕಿಲ್ಲ, ಅದೊಂದ್ ಮಾಡು," ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ಬೇಗ ಎದ್ದು ಬರುತ್ತಿದ್ದೆ. ಹೊರಡುವ ಮೊದಲು ಅವಳಲ್ಲಿ ಅಪ್ಪಣೆ ಕೇಳಿ, ಲೋಕಪ್ಪನ ಟೇಪು ಇಸಿದುಕೊಂಡು ಗೌರಿಯನ್ನು ನಾನೇ ಇನ್ನೊಮ್ಮೆ ಅಳೆದೆ. ಎದೆ ಸುತ್ತಳತೆ ಮೂವತ್ತೆಂಟು ಇಂಚು. ಉದ್ದ ಮೂವತ್ನಾಲ್ಕು. ತೂಕ ಎಪ್ಪತ್ನಾಲ್ಕು ಕಿಲೋ. ನಮ್ಮ ಫೋನು ಹೇಳಿದ್ದು ನೂರ ಅರವತ್ನಾಲ್ಕು.

ಮಾರನೆಯ ದಿನ ನಾನು ಬರೆದ ಮೊದಲ ಟೆಸ್ಟು ಅದು. ಎಲ್ಲ ಬ್ರಾಂಚಿಗೂ ಹಾಕಿದೆ. ಮೂವತ್ತೆಂಟು, ಮೂವತ್ನಾಲ್ಕು ಕೊಟ್ಟರೆ ಎಪ್ಪತ್ನಾಲ್ಕು ಬರಬೇಕು; ಬರದಿದ್ದರೆ ರಿಲೀಸ್ ಹೊರಗೆ ಹೋಗಕೂಡದು. ಹೆಸರು 'ಗೌರಿ' ಎಂದಷ್ಟೇ ಇಟ್ಟೆ. ಕಾರಣ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ ಎನ್ನುವುದು ಸರಿ. ರಂಗಸ್ವಾಮಿಯವರು ಗೋಡೆಯ ಮೇಲೆ ದೊಡ್ಡದಾಗಿ 'ಬಾಗೂರು ಆಗದೆ ಬಾಗಿಲು ತೆರೆಯಬಾರದು' ಎಂದು ಬರೆಸಿದರು, ಆಮೇಲೆ ಒಂದು ಸಲವೂ ನನ್ನನ್ನು ಅವಸರಪಡಿಸಲಿಲ್ಲ. ಎಲ್ಲರಿಗೂ ಕಳಿಸಿದ ಕಾಗದದಲ್ಲಿ 'ನಮ್ಮ ತಪ್ಪು' ಎಂದೇ ಬರೆದರು. ತೂಕವನ್ನು ಮಿಲಿಗಿಂತ ದೊಡ್ಡ ಅಕ್ಷರಕ್ಕೆ ಬದಲಿಸಿದೆವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅಲ್ಲಿಂದ ನಿವೃತ್ತಿಯವರೆಗೆ ಪ್ರತಿ ರಿಲೀಸಿಗೂ ನಾನು ಹೆದರಿದೆ. ಎಷ್ಟೋ ಜನರ ಒಳ್ಳೆಯ ತಿದ್ದುಪಡಿಗಳನ್ನು ಹೊಸಿಲಲ್ಲೇ ನಿಲ್ಲಿಸಿದ್ದೇನೆ, ಜಂಬದವಳು ಎನಿಸಿಕೊಂಡಿದ್ದೇನೆ. ಎರಡು ಸಾಲು ಎದುರುಬದುರು ನಿಂತು 'ಯಾವುದು ಬೇಕು' ಎಂದಾಗ, ನಾನು ಒಬ್ಬಳೇ ಆರಿಸಲಿಲ್ಲ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಎರಡನ್ನೂ ಜೋರಾಗಿ ಓದಿಸಿದೆ. ನಾಚಿಕೆ ಬಿಟ್ಟು ನೀವೂ ಹಾಗೇ ಮಾಡಿ. ಜವರಪ್ಪನವರು ನನಗಿಂತ ಮೊದಲೇ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಚೀಟಿ ಲೆಕ್ಕ ಮಾಡುವುದಿಲ್ಲ ಎಂದು ಕೇಳಿದ್ದೆ. ಬಾಗೂರು ವಾರ ಹೆಸರಿಗೆ ಉಳಿದಿತ್ತು.

ಕಳೆದ ತಿಂಗಳು ಒಂದು ಬೆಳಿಗ್ಗೆ, ಹೊಳೆನರಸೀಪುರದ ನನ್ನ ಮನೆಯಲ್ಲಿ ಮೊರದಲ್ಲಿ ಹುರುಳಿ ಕೇರುತ್ತಿದ್ದೆ. ನನ್ನ ಜಾಗದಲ್ಲಿ ಈಗ ಕೂತಿರುವ ಚೈತ್ರ ಫೋನ್ ಮಾಡಿದಳು. ಚನ್ನರಾಯಪಟ್ಟಣದ ಹುಡುಗಿ, ಚುರುಕು.

"ಮೇಡಂ, ಒಂದೇ ನಿಮಿಷ. ಹಳೇ ಫೋನುಗಳಿಗೆ ಅಂತ ಇಟ್ಟಿರೋ ಹಳೇ ಬ್ರಾಂಚಿಗೆ ಒಂದು ಸಣ್ಣ ಫಿಕ್ಸ್ ತಗೋತಿದ್ದೀವಿ. ಎಲ್ಲ ಪಾಸು, 'ಗೌರಿ' ಅಂತ ಒಂದು ಟೆಸ್ಟಿದೆಯಲ್ಲ, ಅದೊಂದೇ ಫೇಲು. ಯಾಕಿದೆ ಅಂತ ಇಲ್ಲಿ ಯಾರ್ಗೂ ಗೊತ್ತಿಲ್ಲ. ನಾಳೆ ಅರಕಲಗೂಡಲ್ಲಿ ಕ್ಯಾಂಪಿದೆ, ಅದನ್ನ ತೆಗೆದುಬಿಡೋಣ ಅಂತಿದ್ದಾರೆ. ತೆಗೀಲಾ?"

ಮೊರ ಕೆಳಗಿಟ್ಟೆ.

"ತೂಕ ಎಷ್ಟು ತೋರಿಸ್ತಿದೆ, ಓದು."

"ಎಪ್ಪತ್ನಾಲ್ಕು ಬರಬೇಕಂತೆ ಮೇಡಂ. ನೂರ ಅರವತ್ನಾಲ್ಕು ಬರ್ತಿದೆ."

"ನಿಲ್ಸು," ಎಂದೆ. "ಏನೂ ಕಳಿಸಬೇಡ. ಮುನ್ನೂರು ಅಂತ ಒಂದು ಸಂಖ್ಯೆ ಎಲ್ಲೋ ಬಂದು ಕೂತಿದೆ, ಹುಡುಕು."

ಅರ್ಧ ಗಂಟೆ ನಾನು ಮೆಟ್ಟಿಲ ಮೇಲೆ ಕೂತೆ. ಫೋನು ಬಂದಾಗ ಅವಳ ದನಿ ಸಣ್ಣಗಾಗಿತ್ತು. ಸಿಕ್ತು ಮೇಡಂ, ಸಿಕ್ಕಿಕೊಂಡಿದ್ದ ಸಾಲಿನಲ್ಲಿ ಹೊಸದನ್ನೇ ಆರಿಸಿಬಿಟ್ಟಿದ್ದೆ ಎಂದಳು. ಆಮೇಲೆ, "ನಂಗೆ ಹೆದರಿಕೆ ಆಗ್ತಿದೆ ಮೇಡಂ," ಎಂದಳು.

"ಆಗ್ಲಿ. ಒಳ್ಳೇದು."

"ಗೌರಿ ಅಂದ್ರೆ ಯಾರು ಮೇಡಂ? ನಿಮ್ಮ ಮಗಳಾ?"

ಫೋನಿನಲ್ಲಿ ಹೇಳಲು ಆಗಲಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಕಳಿಸುತ್ತಿರುವುದು ಇದೇ.

ಮಧ್ಯಾಹ್ನ ನಿಂಗಮ್ಮನಿಗೆ ಫೋನ್ ಮಾಡಿದೆ. ಇಷ್ಟು ವರ್ಷದಲ್ಲಿ ನಾನಾಗಿ ಮಾಡಿದ್ದು ಅದೇ ಮೊದಲು. ಅದೇ ತಪ್ಪು ಮತ್ತೆ ಬಂದಿತ್ತು, ನಿನ್ನ ಗೌರಿ ಬಾಗಿಲಲ್ಲೇ ತಡೆದಳು ಎಂದೆ.

"ಯಾರ್ ಮನೆ ಕರುನವ್ವ ಉಳ್ಕಂಡಿದ್ದು?"

"ಗೊತ್ತಿಲ್ಲ ನಿಂಗಮ್ಮ. ಅರಕಲಗೂಡು ಕಡೆ ಯಾರದೋ. ಅವ್ರಿಗೂ ಗೊತ್ತಿಲ್ಲ."

"ಗೊತ್ತಾಗದು ಬ್ಯಾಡ ಬುಡು," ಎಂದಳು. "ಮೇಯ್ಕಂಡಿರ್ಲಿ."